ತೊಲೆಗೆ ತೂಗಿದ ಶಬ್ದ

ಅಕ್ಕಲಕೋಟ ಸೀಮೆಯಲ್ಲಿರುವ ನಮ್ಮ ಹಿರಿಯರ ಮನೆಗೆ ಮಣ್ಣಿನ ಮಾಳಿಗೆ ಇದೆ. ಗೋಡೆಗಳು ಕಲ್ಲುಮಣ್ಣಿನವು. ಅವಕ್ಕೆ ಮೊಳೆ ಹೊಡೆದರೆ ಮೊಳೆ ನಿಲ್ಲುವ ಬದಲು ಅದರ ಸುತ್ತಲಿನ ಹಿಡಿ ಮಣ್ಣು ಉದುರುತ್ತದೆ. ಇಂಥ ಮನೆಯ ಪಡಸಾಲೆಯಲ್ಲಿ ಎರಡು ಧ್ವನಿವರ್ಧಕಗಳನ್ನು ಮೇಲಿನಿಂದ ತೂಗುಹಾಕಬೇಕಾದ ಪ್ರಸಂಗ ಕಳೆದ ಬೇಸಿಗೆಯ ರಜೆಯಲ್ಲಿ ಒದಗಿತು. ಅಂಗಡಿಯಲ್ಲಿ ಸಿಗುವ ಹಿಡಿಕೆಗಳು ಕಾಂಕ್ರೀಟಿನ ಗೋಡೆಯನ್ನೋ ಚಪ್ಪಡಿಯನ್ನೋ ನೆಚ್ಚಿ ಮಾಡಿದವು. ಮಾಳಿಗೆಯ ಮನೆಗೆ ಅವು ಹೊಂದುವುದಿಲ್ಲ. ಆದ್ದರಿಂದ ಊರಿನ ಬಡಿಗೇರ ಕಾಕಾನನ್ನು ಜೊತೆಮಾಡಿಕೊಂಡು ನಾವೇ ತೂಗುಚೌಕಟ್ಟುಗಳನ್ನು ಕಟ್ಟಿದೆವು. ಐಚ್ಛಿಕ ಕನ್ನಡ ಓದುವ ನಿಮಗೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜವಾದುದು. ತರಗತಿಯಲ್ಲಿ ನಾವು ದಿನವೂ ಬಳಸುವ ಶಬ್ದ, ಧ್ವನಿ, ಅಂಕಣ ಎಂಬ ಮಾತುಗಳು ಆ ಎಂಟು ದಿನಗಳಲ್ಲಿ ನನ್ನ ಕೈಗೆ ತಾಗಿದವು, ಅದಕ್ಕಾಗಿ ಬರೆಯುತ್ತಿದ್ದೇನೆ.

ಸಲಕರಣೆ ನನ್ನದಲ್ಲ, ಮಗನದು. ಪುಣೆಯಲ್ಲಿ ನೌಕರಿಯಲ್ಲಿರುವ ಅವನು ಚಿಕ್ಕ ಮನೆಗೆ ಹೋದಾಗ ತನ್ನ ಸರೌಂಡ್ ಸೌಂಡ್ ಪೆಟ್ಟಿಗೆಗಳನ್ನು ಊರಿಗೆ ತಂದಿಟ್ಟ. "ಆಯಿಗೆ ಟಿ.ವಿ. ಸ್ವಚ್ಛ ಕೇಳಸಲಿ" ಎಂದು ಹೇಳಿ ಹೋದ. ಅವನ ಆಯಿ ಎಂದರೆ ನನ್ನ ಅವ್ವ. ಎಂಬತ್ತು ದಾಟಿದ ಅವಳಿಗೆ ಬಲಗಿವಿ ಮಂದವಾಗಿದೆ. ಟಿ.ವಿ.ಯ ಸದ್ದು ಏರಿಸಿದಷ್ಟೂ ಗದ್ದಲ ಹೆಚ್ಚುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಮನೆಗೆ ಬಂದ ನೆಂಟರೊಬ್ಬರು, ಒಂದೇ ಕಿವಿ ಚುರುಕಿರುವವರಿಗೆ ಆರು ಪೆಟ್ಟಿಗೆಗಳ ಗೊಡವೆ ಯಾಕೆ ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ದಿಕ್ಕನ್ನು ನಾವು ಅರಿಯುವುದು ಎರಡು ಕಿವಿಗಳ ನಡುವಿನ ಅಂತರದಿಂದ. ಬದಿಯಿಂದ ಬರುವ ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಮುಕ್ಕಾಲು ಪಾಲಿನೊಳಗೆ ತಡವಾಗಿ ತಲುಪುತ್ತದೆ, ತುಸು ಕ್ಷೀಣವಾಗಿಯೂ ತಲುಪುತ್ತದೆ. ಅಷ್ಟರಿಂದಲೇ ಮನಸ್ಸು ಎಡ-ಬಲ ನಿರ್ಣಯಿಸುತ್ತದೆ. ಒಂದು ಕಿವಿ ಮಂದವಾದಾಗ ಈ ನಿರ್ಣಯ ಕುಂದುತ್ತದೆ, ಆದರೆ ಪೂರ್ತಿಯಾಗಿ ಅಳಿಯುವುದಿಲ್ಲ. ಉಳಿದಿರುವುದಕ್ಕೆ ನೆರವಾಗಬೇಕು ಎಂಬುದೇ ನನಗೆ ಸರಿತೋರಿದ ಉತ್ತರ.

ಈ ವ್ಯವಸ್ಥೆಯ ರಚನೆ ಸರಳವಾದುದು. ಮುಂದೆ ಎಡ, ಬಲ ಮತ್ತು ನಡುವೆ ಒಂದೊಂದು ಪೆಟ್ಟಿಗೆ; ಹಿಂಬದಿಯಲ್ಲಿ ಎಡಬಲಕ್ಕೆ ಎರಡು; ಇವಲ್ಲದೆ ಮಂದ್ರನಾದಕ್ಕೆ ಪ್ರತ್ಯೇಕವಾದ ಒಂದು. ಆದ್ದರಿಂದಲೇ ಇದಕ್ಕೆ 5.1 ಎಂಬ ಹೆಸರು. ಚಲನಚಿತ್ರದ ಮಾತುಗಳು ಬಹುತೇಕ ನಡುವಿನ ಪೆಟ್ಟಿಗೆಯಿಂದ ಬರುತ್ತವೆ. ಹಿಂದಿನವು ಮಳೆ, ಗಾಳಿ, ಜಾತ್ರೆಯ ಗದ್ದಲ, ಹೆಜ್ಜೆಯ ಸಪ್ಪಳಗಳಿಗೆ ಮೀಸಲು. ಮಂದ್ರನಾದದ ದಿಕ್ಕನ್ನು ಕಿವಿ ಸುಲಭವಾಗಿ ಗುರುತಿಸಲಾರದು. ಅದರ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಹಿಂದಿನ ಎರಡಕ್ಕೆ ಮಾತ್ರ ಸ್ಥಾನ ನಿಷ್ಠುರ. ಕೇಳುವವರು ನೇರ ಮುಂದೆ ನೋಡುವ ಗೆರೆಯನ್ನು ಸೊನ್ನೆ ಎಂದು ಹಿಡಿದರೆ ಇವು ಸುಮಾರು 110 ಡಿಗ್ರಿಯಲ್ಲಿ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ, ಕಿವಿಗಿಂತ ಎತ್ತರದಲ್ಲಿ ಇರಬೇಕು. ಗೋಡೆ ಮೊಳೆ ಹಿಡಿಯದು, ನೆಲದ ಮೇಲೆ ಸ್ತಂಭ ನಿಲ್ಲಿಸಿದರೆ ಓಡಾಡುವವರ ಕಾಲಿಗೆ ತೊಡರುತ್ತದೆ. ಉಳಿದದ್ದು ತೊಲೆ.

ಮಾಳಿಗೆಯನ್ನು ಕಾಣದವರಿಗಾಗಿ ಎರಡು ಮಾತು. ಕಂಬಗಳ ಮೇಲೆ ತೊಲೆಗಳು, ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳು, ಜಂತಿಗಳ ಮೇಲೆ ಹಲಗೆಗಳು, ಅವುಗಳ ಮೇಲೆ ಸವಳು ಮಣ್ಣಿನ ಹೊದಿಕೆ. ಒಂದು ತೊಲೆಗೂ ಇನ್ನೊಂದಕ್ಕೂ ನಡುವಿನ ತೆರಪು ಅಂಕಣ. ಮನೆ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಹಿರಿಯರು ಅಡಿಗಳ ಲೆಕ್ಕ ಹೇಳುತ್ತಿರಲಿಲ್ಲ, ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ಪತ್ರಿಕೆಯಲ್ಲಿ ನೀವು ಓದುವ ಅಂಕಣವೂ ಇದೇ ಮಾತು. ಪುಟವೆಂಬ ಮನೆಯಲ್ಲಿ ಒಬ್ಬ ಲೇಖಕನಿಗೆ ಬಿಟ್ಟುಕೊಟ್ಟ ತೆರಪು ಅದು. ಮರಾಠಿಯಲ್ಲಿ ಅಂಕಣವನ್ನು ಖಣ ಎನ್ನುತ್ತಾರೆ, ಮಾಳಿಗೆಯನ್ನು ಮಾಳವದ ಎನ್ನುತ್ತಾರೆ, ತೊಲೆಯನ್ನು ತುಳಈ ಎನ್ನುತ್ತಾರೆ. ಬಡಿಗೇರ ಕಾಕಾ ಒಂದೇ ವಾಕ್ಯದಲ್ಲಿ ಎರಡೂ ಭಾಷೆಯ ಹೆಸರುಗಳನ್ನು ಹೇಳುತ್ತಾನೆ. ಅವನಿಗೆ ಅವು ಎರಡು ಭಾಷೆಗಳಲ್ಲ, ಒಂದೇ ಪೆಟ್ಟಿಗೆಯಲ್ಲಿರುವ ಎರಡು ಉಳಿಗಳು.

ತೊಲೆಗೆ ಕೆಳಗಿನಿಂದ ತಿರುಪು ಹಾಕಿ ಪೆಟ್ಟಿಗೆ ತೂಗುಬಿಡುವುದು ಅತ್ಯಂತ ಸುಲಭದ ದಾರಿ. ಕಾಕಾ ಅದಕ್ಕೆ ಒಪ್ಪಲಿಲ್ಲ. "ಸರ, ತೊಲಿಗೆ ತೂತು ಹೊಡಿಬ್ಯಾಡ್ರಿ. ಅದು ನಿಮ್ಮ ಮನಿ ಹೊತ್ಕೊಂಡು ನಿಂತದ" ಎಂದ. ಅವನ ಮಾತಿನ ಹಿಂದೆ ಅನುಭವವೂ ಇದೆ, ವಿಜ್ಞಾನವೂ ಇದೆ. ತೊಲೆಯ ಕೆಳಮೈ ಸದಾ ಎಳೆತದಲ್ಲಿರುತ್ತದೆ. ಮೇಲಿನ ಭಾರಕ್ಕೆ ಬಾಗುವಾಗ ಕೆಳಗಿನ ನಾರುಗಳು ಹಿಗ್ಗುತ್ತವೆ. ಅಲ್ಲಿ ಕೊರೆದರೆ ಅತಿ ಹೆಚ್ಚು ದುಡಿಯುವ ನಾರುಗಳನ್ನೇ ಕಡಿದಂತೆ. ಎರಡನೆಯದಾಗಿ, ಕೆಳಗಿನಿಂದ ಹಾಕಿದ ತಿರುಪನ್ನು ಭಾರವು ಅದು ಹೊಕ್ಕ ದಾರಿಯಲ್ಲೇ ಹೊರಗೆಳೆಯುತ್ತಿರುತ್ತದೆ. ಮರ ಒಣಗಿದಂತೆ, ಪೆಟ್ಟಿಗೆ ಕಂಪಿಸಿದಂತೆ ಅದರ ಹಿಡಿತ ಸಡಿಲುತ್ತದೆ.

ಹಾಗಾದರೆ ದಾರಿ ಯಾವುದು? ಉತ್ತರ ತೊಲೆಯಲ್ಲೇ ಇತ್ತು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿದೆ. ಅಜ್ಜನ ಕಾಲದ ಕಮ್ಮಾರ ಮಾಡಿಕೊಟ್ಟದ್ದು. ನಾನೂ ನನ್ನ ಒಡಹುಟ್ಟಿದವರೂ ನನ್ನ ಮಗನೂ ತೂಗಿಸಿಕೊಂಡದ್ದು ಅದರಿಂದಲೇ. ಏಣಿ ಹತ್ತಿ ನೋಡಿದಾಗ ಅದರ ಮರ್ಮ ತಿಳಿಯಿತು. ಕೊಂಡಿಯ ಕಂಬಿ ತೊಲೆಯ ನಡುವಿನಿಂದ ಹಾದು ಮೇಲೆ ಹೊರಬಂದು, ಅಲ್ಲಿ ಒಂದು ದಪ್ಪ ತಗಡಿನ ಮೇಲೆ ಮಡಚಿಕೊಂಡಿದೆ. ಕೂಸಿನ ಭಾರ ಮರದ ಹಿಡಿತವನ್ನು ನೆಚ್ಚಿಲ್ಲ, ತೊಲೆಯ ಬೆನ್ನಿನ ಮೇಲೆ ಕುಳಿತಿದೆ. ತೂಗುವ ವಸ್ತುವಿನ ಸೆಳೆತ ಅದರ ತೂಕಕ್ಕಿಂತ ಹೆಚ್ಚು ಎಂಬುದೂ ಆ ಕಮ್ಮಾರನಿಗೆ ಗೊತ್ತಿದ್ದಿರಬೇಕು. 60 ಡಿಗ್ರಿಯಷ್ಟು ಎತ್ತಿ ಬಿಟ್ಟ ತೂಗುಭಾರ ತಳಕ್ಕೆ ಬಂದಾಗ ತನ್ನ ತೂಕದ ಎರಡರಷ್ಟು ಜಗ್ಗುತ್ತದೆ. ಈ ಸೂತ್ರವನ್ನು ನಾನು ಪ್ರೌಢಶಾಲೆಯ ನಂತರ ಮರಾಠಿಯ ಭೌತಶಾಸ್ತ್ರದಲ್ಲಿ ಓದಿದೆ. ಅದರ ಉದಾಹರಣೆ ಮನೆಯ ನಡುವೆಯೇ ತೂಗುತ್ತಿತ್ತು.

ಕಮ್ಮಾರನ ತತ್ತ್ವವನ್ನು ಉಳಿಸಿಕೊಂಡು ತೂತನ್ನು ಕೈಬಿಟ್ಟೆವು. ತೊಲೆಯ ಮೇಲೆ ಜಂತಿಗಳು ಕುಳಿತಿರುವುದರಿಂದ ಎರಡು ಜಂತಿಗಳ ನಡುವೆ, ಹಲಗೆಗೂ ತೊಲೆಗೂ ಮಧ್ಯೆ, ಕೈ ತೂರುವಷ್ಟು ಸಂದು ಇರುತ್ತದೆ. ಆ ಸಂದಿನಲ್ಲಿ ತೊಲೆಯ ಬೆನ್ನಿನ ಮೇಲೆ ಒಂದು ಸಾಗವಾನಿ ಪಟ್ಟಿ, ತೊಲೆಯ ಕೆಳಗೆ ಇನ್ನೊಂದು. ಎರಡನ್ನೂ ತೊಲೆಯ ಎರಡು ಬದಿಯಲ್ಲಿ ಇಳಿಯುವ 8 ಮಿಲಿಮೀಟರ್ ದಪ್ಪದ ಮರೆಯುಳ್ಳ ಉಕ್ಕಿನ ಸಲಾಕೆಗಳಿಂದ ಬಿಗಿದೆವು. ಮರ ಮರಕ್ಕೆ ತಾಗುವಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡು. ನಟ್ಟುಗಳ ಕೆಳಗೆ ಅಗಲವಾದ ವಾಷರ್. ಕಂಪನದಿಂದ ಸಡಿಲದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟುಗಳು. ತೊಲೆಗೆ ಒಂದು ಗೀರೂ ಬೀಳಲಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಬೇಕಿತ್ತು, ಆದರೆ ತೊಲೆ ಇದ್ದ ಜಾಗ ಸರಿಹೊಂದಲಿಲ್ಲ. 110 ಡಿಗ್ರಿಗೆ ಪೆಟ್ಟಿಗೆ ಅವ್ವನ ಕಿವಿಯಿಂದ ಪಕ್ಕಕ್ಕೆ 5 ಅಡಿ, ಹಿಂದಕ್ಕೆ 1 ಅಡಿ 10 ಅಂಗುಲ ಇರಬೇಕು. ಗೌಂಡಿಗಳ ತೂಗುಗುಂಡನ್ನು ತೊಲೆಯಿಂದ ಇಳಿಬಿಟ್ಟು ನೋಡಿದರೆ ಅದು ಒಂದೂವರೆ ಅಡಿ ಮುಂದೆ ಬರುತ್ತಿತ್ತು. ಅವ್ವನ ಹೊರಸನ್ನು ಒಂದೂವರೆ ಅಡಿ ಮುಂದಕ್ಕೆ ಸರಿಸಿದರೆ ಲೆಕ್ಕ ಸರಿಹೋಗುತ್ತದೆ. ನಾನು ಕೇಳಿದೆ.

"ನನ್ನ ಹೊರಸ ಇಲ್ಲೇ ಇರಲಿ ತಮ್ಮಾ. ಇಲ್ಲಿಂದ ನನಗ ಬಾಗಲಾ ಕಾಣತದ" ಎಂದಳು ಅವ್ವ.

ಅವಳು ಹಗಲೆಲ್ಲ ನೋಡುವುದು ಟಿ.ವಿ.ಯನ್ನಲ್ಲ, ತಲೆಬಾಗಿಲನ್ನು. ಯಾರು ಬಂದರು, ಯಾರು ಹೋದರು, ಮಕ್ಕಳು ಶಾಲೆ ಬಿಟ್ಟವೋ ಇಲ್ಲವೋ ಎಂಬುದೆಲ್ಲ ಆ ಚೌಕಟ್ಟಿನೊಳಗೆ ಅವಳಿಗೆ ಕಾಣುತ್ತದೆ. ಕಿವಿ ಮಂದವಾದ ಮೇಲೆ ಕಣ್ಣೇ ಅವಳಿಗೆ ಅರ್ಧ ಕಿವಿ. ಹೊರಸು ಕದಲುವಂತಿರಲಿಲ್ಲ, ತೊಲೆಯೂ ಕದಲದು. ಆದ್ದರಿಂದ ಚೌಕಟ್ಟಿಗೆ ಒಂದೂವರೆ ಅಡಿಯ ತೋಳು ಕೂಡಿಸಿದೆವು. ತೊಲೆಯ ಕೆಳಗಿನ ಪಟ್ಟಿಯನ್ನೇ ಹಿಂದಕ್ಕೆ ಚಾಚಿ ಅದರ ತುದಿಯಿಂದ ಪೆಟ್ಟಿಗೆಯನ್ನು ಇಳಿಬಿಟ್ಟೆವು.

ತೋಳು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಪೆಟ್ಟಿಗೆಯ ತೂಕ 2.5 ಕಿಲೋ. ಸಲಾಕೆಗಳ ನಡುವಿನ ಅಂತರ 8 ಅಂಗುಲ, ತೊಲೆಯ ನಡುವಿನಿಂದ ತೋಳಿನ ತುದಿಗೆ 18 ಅಂಗುಲ. ಇದು ಸನ್ನೆಗೋಲು. ಪೆಟ್ಟಿಗೆಯ ಕಡೆಯ ಸಲಾಕೆಯ ಮೇಲೆ ಬೀಳುವ ಸೆಳೆತ 2.5 ಅಲ್ಲ, ಹತ್ತಿರ ಹತ್ತಿರ 7 ಕಿಲೋ. ಆಚೆಯ ಬದಿಯಲ್ಲಿ ಪಟ್ಟಿ ತೊಲೆಯನ್ನು ಕೆಳಗಿನಿಂದ ಒತ್ತುತ್ತದೆ. ಉಕ್ಕಿನ ಸಲಾಕೆಗೆ 7 ಕಿಲೋ ಏನೇನೂ ಅಲ್ಲ. ಸೋಲುವುದಾದರೆ ಮರ ಸೋಲಬೇಕು, ಇಲ್ಲವೇ ನಟ್ಟು ಬಿಚ್ಚಿಕೊಳ್ಳಬೇಕು. ಅದಕ್ಕಾಗಿ ಪೆಟ್ಟಿಗೆ ಏರಿಸುವ ಮೊದಲು ತೋಳಿನ ತುದಿಗೆ ಅದರ ಐದರಷ್ಟು, ಅಂದರೆ 12.5 ಕಿಲೋ ಜೋಳ ತುಂಬಿದ ಚೀಲ ಕಟ್ಟಿದೆವು. ಎಂಟು ದಿನ ಅದು ಪಡಸಾಲೆಯಲ್ಲಿ ತೂಗಿತು. ಬಂದವರೆಲ್ಲ ಇಲಿಗಳ ಕಾಟ ಅಷ್ಟು ಹೆಚ್ಚಾಯಿತೇ ಎಂದು ವಿಚಾರಿಸಿದರು. ಎಂಟನೆಯ ದಿನ ತುದಿಯಿಂದ ನೆಲದವರೆಗೆ ಅಳೆದಾಗ ಮೊದಲ ದಿನದ ಅಳತೆಯೇ ಬಂತು. ಆ ಮೇಲೆ ಚೀಲ ಇಳಿಸಿ ಪೆಟ್ಟಿಗೆ ಏರಿಸಿದೆವು. ಇಷ್ಟಾದರೂ ಪ್ರತಿ ಪೆಟ್ಟಿಗೆಗೂ ತೊಲೆಯನ್ನು ಸುತ್ತಿಬರುವ ಒಂದು ಪ್ರತ್ಯೇಕ ಸರಪಳಿಯಿದೆ. ತೋಳೇ ಮುರಿದರೂ ಪೆಟ್ಟಿಗೆ ಒಂದು ಗೇಣಿಗಿಂತ ಕೆಳಗೆ ಬೀಳಲಾರದು. ಮನುಷ್ಯರು ಓಡಾಡುವ ಜಾಗದ ಮೇಲೆ ಭಾರ ತೂಗುವವನು ತನ್ನ ಲೆಕ್ಕವನ್ನು ನಂಬಬೇಕು, ಆದರೆ ಅದೊಂದನ್ನೇ ನಂಬಬಾರದು.

ಉಳಿದ ಕೆಲಸ ಸೂಕ್ಷ್ಮದ್ದು. ಓಡಾಡುವವರ ತಲೆಗೆ ತಾಗದಂತೆ ಪೆಟ್ಟಿಗೆಗಳನ್ನು ನೆಲದಿಂದ 7 ಅಡಿ ಎತ್ತರದಲ್ಲಿ ನಿಲ್ಲಿಸಿದೆವು. ಕುಳಿತ ಅವ್ವನ ಕಿವಿಗಿಂತ ಅದು 3 ಅಡಿ ಮೇಲೆ. ಅವುಗಳ ಮುಖ ಕಿವಿಯ ಕಡೆ ತಿರುಗಲು ಸುಮಾರು 30 ಡಿಗ್ರಿ ಕೆಳಗೆ ಬಾಗಿಸಬೇಕಾಯಿತು. ಆ ಓರೆಯನ್ನು ಕಾಕಾ ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯ ತ್ರಿಕೋನಪಟ್ಟಿಯಿಂದಲೇ ಹಲಗೆಯ ಮೇಲೆ ಗೀರಿಕೊಂಡ. ತಂತಿಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಪೆಟ್ಟಿಗೆಯಲ್ಲಿ ಅದಲುಬದಲಾದರೂ ಒಂದರ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು ಎರಡರ ಮಂದ್ರನಾದ ಪರಸ್ಪರ ಅಳಿಯುತ್ತದೆ. ದೂರದ ಲೆಕ್ಕವೂ ಮುಖ್ಯ. ಮುಂದಿನ ಪೆಟ್ಟಿಗೆಗಳು ಅವ್ವನಿಂದ 9 ಅಡಿ 6 ಅಂಗುಲ, ಹಿಂದಿನವು 6 ಅಡಿ. ಗಾಳಿಯಲ್ಲಿ ಶಬ್ದ 20 ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ 343 ಮೀಟರ್ ಚಲಿಸುತ್ತದೆ. ನಮ್ಮ ಸೊಲ್ಲಾಪುರದ ಮೇ ತಿಂಗಳ 40 ಡಿಗ್ರಿಯಲ್ಲಿ ಅದು 355ರ ಆಸುಪಾಸು. ಮೂರೂವರೆ ಅಡಿಯ ವ್ಯತ್ಯಾಸಕ್ಕೆ ಸುಮಾರು 3 ಮಿಲಿಸೆಕೆಂಡು. ಮೊದಲು ತಲುಪಿದ ಸದ್ದಿನ ದಿಕ್ಕನ್ನೇ ಮನಸ್ಸು ಇಡೀ ಸದ್ದಿನ ದಿಕ್ಕೆಂದು ನಂಬುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸ 1949ರಲ್ಲಿ ವಿವರಿಸಿದ್ದಾನೆ. ಆದ್ದರಿಂದ ಹತ್ತಿರದ ಪೆಟ್ಟಿಗೆಗಳನ್ನು ಯಂತ್ರದಲ್ಲಿ ಅಷ್ಟು ತಡಮಾಡಿಸಬೇಕು. ಅವ್ವನ ಬಲಗಿವಿಗಾಗಿ ಬಲಬದಿಯ ಹಿಂದಿನ ಪೆಟ್ಟಿಗೆಯನ್ನು 3 ಡೆಸಿಬೆಲ್ ಏರಿಸಿದೆ. ಅಂದರೆ ಅದಕ್ಕೆ ಎರಡರಷ್ಟು ಶಕ್ತಿ ಹರಿಯುತ್ತದೆ. ನನಗೆ ಬಲಬದಿ ತುಸು ಜೋರೆನಿಸುತ್ತದೆ. ಆದರೆ ಈ ಕೋಣೆಯ ನಡುಬಿಂದು ನಾನಲ್ಲ.

ಕೆಲಸದ ನಡುವೆ ಒಂದು ಪದಜೋಡಿ ನನ್ನನ್ನು ಬಿಡಲಿಲ್ಲ. ಪ್ರಾಥಮಿಕ ಶಾಲೆಯನ್ನು ನಾನು ಕನ್ನಡದಲ್ಲಿ, ಮುಂದಿನದನ್ನು ಮರಾಠಿಯಲ್ಲಿ ಓದಿದವನು. ಮರಾಠಿಯ ವಿಜ್ಞಾನ ಪುಸ್ತಕದಲ್ಲಿ ಸದ್ದಿಗೆ ಧ್ವನೀ ಎನ್ನುತ್ತಾರೆ. ಅಲ್ಲಿ ಶಬ್ದ ಎಂದರೆ ಪದ. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಸದ್ದೇ ಶಬ್ದ. ಧ್ವನಿ ಎಂದರೆ ಮನುಷ್ಯನ ದನಿ. ಗಡಿಯ ಮಕ್ಕಳು ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವಾಗ ಈ ಎರಡು ಪದಗಳನ್ನು ಕೈಬದಲಾಯಿಸಿ ಹಿಡಿಯಬೇಕಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನಲ್ಲಿ ಈ ಬೇರ್ಪಡೆ ಇಲ್ಲ. ಜೀವದ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವ ದ್ರವ್ಯವನ್ನು ಅವನು ಶಬ್ದಮಣಿದರ್ಪಣದಲ್ಲಿ ಹೇಳುತ್ತಾನೆ. ಅದಕ್ಕೆ ಬಿಳಿಯ ಬಣ್ಣವನ್ನೂ ಕೊಡುತ್ತಾನೆ. ವ್ಯಾಕರಣಕಾರನಿಗೆ ಪದವು ಮೊದಲು ಒಂದು ಭೌತವಸ್ತು, ಉಸಿರಿನಿಂದ ಆದದ್ದು. ಪರೀಕ್ಷೆಗಾಗಿ ಆ ಸೂತ್ರವನ್ನು ಬಾಯಿಪಾಠ ಮಾಡುವಾಗ ಒಮ್ಮೆ ಗಂಟಲ ಮೇಲೆ ಕೈಯಿಟ್ಟು ನೋಡಿ.

ಇನ್ನು ಕಾವ್ಯಮೀಮಾಂಸೆಯ ಧ್ವನಿ. ಒಂಬತ್ತನೆಯ ಶತಮಾನದ ಆನಂದವರ್ಧನನ ಪರಂಪರೆಯಲ್ಲಿ ವಾಚ್ಯಾರ್ಥದ ನಂತರ ಮೂಡುವ ಅರ್ಥಕ್ಕೆ ಗಂಟೆಯ ಅನುರಣನದ ಹೋಲಿಕೆ ಬರುತ್ತದೆ. ಪೆಟ್ಟು ಮುಗಿದ ಮೇಲೂ ಉಳಿಯುವ ನಾದ ಅದು. ಈ ಹೋಲಿಕೆಯನ್ನು ಮೈಯಿಂದ ಅರಿಯಬೇಕೆಂದರೆ ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರ್ ದೂರದ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಲ್ಲಿ. ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ ಅದು. ಒಂದು ಬದಿಯಲ್ಲಿ ಗೋಡೆಗೆ ಬಾಯಿಯಿಟ್ಟು ಆಡಿದ ಪಿಸುಮಾತು ಎದುರು ಬದಿಯವರಿಗೆ ಕೇಳುತ್ತದೆ, ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ಸುತ್ತಲಿನಿಂದ ಶಬ್ದ ಬರುವಂತೆ ಮಾಡಲು ನಮಗೆ ಆರು ಪೆಟ್ಟಿಗೆಗಳು ಬೇಕಾದವು. ಮಹಮ್ಮದ್ ಆದಿಲ್‌ಶಾಹನ ಕಾಲದ ಗೌಂಡಿಗಳಿಗೆ ಕಲ್ಲುಗಾರೆಯೇ ಸಾಕಾಗಿತ್ತು.

ಚಲನಚಿತ್ರದ ಶಬ್ದದ ಚರಿತ್ರೆಯಲ್ಲಿಯೂ ಗಡಿಯ ಪಾಲಿದೆ. ಮೊದಲ ಮರಾಠಿ ವಾಕ್ಚಿತ್ರ 'ಅಯೋಧ್ಯೇಚಾ ರಾಜಾ' 1932ರಲ್ಲಿ ಬಂದಾಗ ಅದನ್ನು ತಯಾರಿಸಿದ ಪ್ರಭಾತ್ ಸಂಸ್ಥೆ ಕೊಲ್ಹಾಪುರದಲ್ಲಿತ್ತು. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದೂ ಕೊಲ್ಹಾಪುರದಲ್ಲೇ, ಛತ್ರಪತಿ ಸ್ಟುಡಿಯೋದಲ್ಲಿ. ಎರಡು ಭಾಷೆಗಳೂ ಬೆಳ್ಳಿತೆರೆಯ ಮೇಲೆ ಬಾಯಿಬಿಟ್ಟದ್ದು ಒಂದೇ ಊರಿನಲ್ಲಿ. ಆಗ ಶಬ್ದಕ್ಕೆ ಒಂದೇ ಹಾದಿ. ಅದು ತೆರೆಯ ಹಿಂದಿನಿಂದ ಬರುತ್ತಿತ್ತು, ಎಲ್ಲರೂ ಮುಂದೆ ನೋಡುತ್ತ ಕೇಳುತ್ತಿದ್ದರು.

ನಮ್ಮ ಪಡಸಾಲೆಯಲ್ಲಿ ಎಲ್ಲ ಸಿದ್ಧವಾದ ಸಂಜೆ ಒಂದು ಕನ್ನಡ ಚಿತ್ರ ಹಾಕಿದೆ. ಮಾತು ನಡುವಿನ ಪೆಟ್ಟಿಗೆಯಿಂದ ಬರುವುದರಿಂದ ಅವ್ವ ಹತ್ತು ನಿಮಿಷದಲ್ಲಿ ಕಥೆಯೊಳಗೆ ಹೋದಳು. ಯಾರು ಯಾರಿಗೆ ಏನಾಗಬೇಕೆಂದು ನನ್ನನ್ನು ಕೇಳಲಿಲ್ಲ. ಒಂದು ದೃಶ್ಯದಲ್ಲಿ ಯಾರೋ ಅಂಗಳ ದಾಟಿ ಬರುವ ಹೆಜ್ಜೆಯ ಸಪ್ಪಳ ಹಿಂದಿನಿಂದ ಕೇಳಿತು. ಅವ್ವ ಥಟ್ಟನೆ ಹಿಂದಕ್ಕೆ ತಿರುಗಿದಳು, ಮರುಕ್ಷಣ ಬಾಗಿಲ ಕಡೆ ನೋಡಿದಳು. "ಯಾರೋ ಬಂದ್ರು ನೋಡು" ಎಂದಳು. ಅವಳ ಕಿವಿ ದಿಕ್ಕು ಹಿಡಿದಿದೆ ಎಂದು ನನಗೆ ಹಿಗ್ಗಾಯಿತು. ಆದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಪುಣೆಯಿಂದ ಮೊಮ್ಮಗ ಬರುವ ದಾರಿಯನ್ನು ಅವಳು ಕಾಯುತ್ತಾಳೆಂಬುದು ಮನೆಯವರಿಗೆಲ್ಲ ಗೊತ್ತಿದ್ದ ಮಾತು. ಇಲ್ಲದವರ ಹೆಜ್ಜೆಯನ್ನು ಅವಳ ಬೆನ್ನ ಹಿಂದೆ ತಂದು ನಿಲ್ಲಿಸುವುದು ಸರಿಯೇ ಎಂದು ಹಿಂದಿನ ಪೆಟ್ಟಿಗೆಗಳ ಸದ್ದನ್ನು ತಗ್ಗಿಸಲು ಎದ್ದೆ.

"ಯಾಕ ತಗ್ಗಿಸ್ತಿ?" ಎಂದಳು. "ಸಿನಿಮಾದ್ದು ಅಂತ ಈಗ ಗೊತ್ತಾತಲ್ಲ. ಇರಲಿ ಬಿಡು, ಮನ್ಯಾಗ ಮಂದಿ ಇದ್ದಂಗ ಅನಸ್ತದ."

ಅಂದಿನಿಂದ ಅವು ಹಾಗೆಯೇ ಇವೆ. ಮಗನಿಗೆ ದೂರವಾಣಿಯಲ್ಲಿ ಈ ಸಂಗತಿಯನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಕನ್ನಡದಲ್ಲಿ ಅವಳೊಡನೆ ಮಾತಾಡಿದ. ಅವನ ಕನ್ನಡದಲ್ಲಿ ಮರಾಠಿ ಬಹಳ. ಅವ್ವನಿಗೆ ಅದರಿಂದ ಎಂದೂ ತೊಡಕಾಗಿಲ್ಲ.

ನಿಮ್ಮಲ್ಲಿ ಹಲವರು ಕಾಂಕ್ರೀಟಿನ ಮನೆಗಳಲ್ಲಿದ್ದೀರಿ. ಅಲ್ಲಿ ಚಪ್ಪಡಿಗೆ ಕೊರೆದು ಉಕ್ಕಿನ ಆಂಕರ್ ಬೋಲ್ಟ್ ಕೂಡಿಸಿದರೆ ಭಾರ ನಿಲ್ಲುತ್ತದೆ, ಬರೀ ಪ್ಲಾಸ್ಟಿಕ್ ಗುಟ್ಟಕ್ಕೆ ತೂಗಬೇಡಿ. ಅಲಂಕಾರಕ್ಕೆ ಮಾಡಿಸಿದ ಪಿ.ಒ.ಪಿ. ಮೇಲ್ಛಾವಣಿ ಭಾರ ಹೊರುವುದಲ್ಲ. ಅದನ್ನು ದಾಟಿ ಮೇಲಿನ ಚಪ್ಪಡಿಯನ್ನೇ ಹಿಡಿಯಬೇಕು. ಎಲ್ಲಿ ತೂಗಿದರೂ ಐದರಷ್ಟು ಭಾರದ ಪರೀಕ್ಷೆಯನ್ನೂ ಬೇರೆ ಸರಪಳಿಯನ್ನೂ ಬಿಡಬೇಡಿ. ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ, ಯುಗಾದಿಗೂ ಖಂಡೇನವಮಿಗೂ, ಏಣಿ ಹಾಕಿ ಪಾನಾ ಹಿಡಿದು ನಟ್ಟುಗಳನ್ನು ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಕಳೆದ ಖಂಡೇನವಮಿಯಂದು ನಾಲ್ಕು ಸಲಾಕೆಗಳಲ್ಲಿ ಮೂರು ಬಿಗಿಯಾಗಿದ್ದವು. ನಾಲ್ಕನೆಯದು ಕಾಲು ಸುತ್ತು ತಿರುಗಿತು.